ಹಳೆಯ ಕ್ಯಾಂಪರ್ ವ್ಯಾನಿಗೆ ಕ್ರೂಸ್ ಕಂಟ್ರೋಲ್ ಅಳವಡಿಕೆ: ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಟೆಂಪೋ ಟ್ರಾವೆಲರ್, ಮಟಡೋರ್, ವಿಂಗರ್ ಮುಂತಾದ ಗಾಡಿಗಳಲ್ಲಿ ಮಂಚ, ಅಡುಗೆ ಕಟ್ಟೆ ಮತ್ತು ನೀರಿನ ಟ್ಯಾಂಕ್ ಕೂಡಿಸಿ ಕ್ಯಾಂಪರ್ ಮಾಡಿಕೊಂಡು ಕುಟುಂಬ ಸಮೇತ ದೂರದ ಊರುಗಳಿಗೆ ಹೋಗುವವರು ನಮ್ಮ ಭಾಗದಲ್ಲಿಯೂ ಇದ್ದಾರೆ. ಈ ಗಾಡಿಗಳು ತಯಾರಾದ ಕಾಲಕ್ಕೆ ಕ್ರೂಸ್ ಕಂಟ್ರೋಲ್ ಇರಲಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ಕೊಂಡು ಕೂಡಿಸಬೇಕಾಗುತ್ತದೆ. ಕೂಡಿಸುವ ಮುನ್ನ ಮತ್ತು ಕೂಡಿಸಿದ ಮೇಲೆ ಮಾಲೀಕರು, ಚಾಲಕರು, ಮೆಕ್ಯಾನಿಕ್‌ಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕ್ರೂಸ್ ಕಂಟ್ರೋಲ್ ನಿಜವಾಗಿ ಮಾಡುವ ಕೆಲಸವೇನು?

ಚಾಲಕರು ತಮಗೆ ಬೇಕಾದ ವೇಗಕ್ಕೆ ಬಂದು ಗುಂಡಿ ಒತ್ತಿದಾಗ ಆ ವೇಗವನ್ನು ನೆನಪಿನಲ್ಲಿ ಇಟ್ಟುಕೊಂಡು, ಗಾಡಿಯ ಸದ್ಯದ ವೇಗವನ್ನು ಅದರೊಂದಿಗೆ ಹೋಲಿಸುತ್ತ, ಕಡಿಮೆಯಾದರೆ ಆ್ಯಕ್ಸಿಲರೇಟರನ್ನು ಸ್ವಲ್ಪ ಎಳೆದು, ಹೆಚ್ಚಾದರೆ ಸ್ವಲ್ಪ ಬಿಡುವುದಷ್ಟೇ ಅದರ ಕೆಲಸ. ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಇದಕ್ಕೆ 1950ರಲ್ಲಿ ಪೇಟೆಂಟ್ ಪಡೆದರು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಇದು ಗ್ರಾಹಕರ ಕೈಗೆ ಬಂದಿತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಟೀಟರ್ ಇತರರು ನಡೆಸುವ ಕಾರಿನಲ್ಲಿ ಕುಳಿತು ಓಡಾಡುತ್ತಿದ್ದರು. ಪಕ್ಕದಲ್ಲಿ ಕುಳಿತವರಿಗೆ ವೇಗದ ಏರಿಳಿತ ಎಷ್ಟು ಕಿರಿಕಿರಿಯಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಹಳೆಯ ಗಾಡಿಗೆ ಕೂಡಿಸುವ ಕಿಟ್ ಬ್ರೇಕ್ ಹಾಕುವುದಿಲ್ಲ, ಮುಂದಿನ ಗಾಡಿಯಿಂದ ಅಂತರವನ್ನೂ ಕಾಯುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ವೇಗ ತಾನಾಗಿ ಏರತೊಡಗಿದರೆ ಅದು ಆ್ಯಕ್ಸಿಲರೇಟರನ್ನು ಪೂರ್ತಿ ಬಿಡಬಲ್ಲದೇ ಹೊರತು ಗಾಡಿಯನ್ನು ತಡೆಯಲಾರದು. ಹೊಸ ಕಾರುಗಳಲ್ಲಿ ರಡಾರ್ ಸಹಾಯದಿಂದ ತಾನೇ ವೇಗ ತಗ್ಗಿಸುವ ವ್ಯವಸ್ಥೆಯನ್ನು ಕಂಡವರು ಇದರಿಂದಲೂ ಅದನ್ನೇ ನಿರೀಕ್ಷಿಸಿದರೆ ಅಪಾಯ ಖಂಡಿತ.

ನಮ್ಮ ರಸ್ತೆಗಳಿಗೆ ಇದು ಬೇಕೇ?

ರಸ್ತೆಯನ್ನೂ ಹೊತ್ತನ್ನೂ ನೋಡಿ ನಿರ್ಧರಿಸಬೇಕು. ಹುನಗುಂದದಿಂದ ಕುಷ್ಟಗಿಯ ಮೂಲಕ ಹೊಸಪೇಟೆಗೆ ಬಂದು ಮುಂದೆ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ನಾಲ್ಕು ಪಥದ್ದು. ನಡುವೆ ವಿಭಜಕವಿದ್ದು ಬಹುಪಾಲು ಸಮತಟ್ಟಾಗಿದೆ. ಅಲ್ಲಿ ಬೆಳಗಿನ ಹೊತ್ತು ಗಂಟೆಗೆ 65ರಿಂದ 75 ಕಿಲೋಮೀಟರ್ ವೇಗದಲ್ಲಿ ಹೋಗುವ ಭಾರದ ವ್ಯಾನಿಗೆ ಕ್ರೂಸ್ ಕಂಟ್ರೋಲ್ ನಿಜಕ್ಕೂ ಉಪಯುಕ್ತ. ಮೊಣಕಾಲು ನೋವಿರುವ ಚಾಲಕರಿಗೆ ಅದರಿಂದ ಸಿಗುವ ನೆಮ್ಮದಿ ಸಣ್ಣದಲ್ಲ.

ಆದರೆ ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪದ ಮೂಲಕ ಬಳ್ಳಾರಿಗೆ ಬರುವ ಹೆದ್ದಾರಿ 150ಎ ಇನ್ನೊಂದು ಬಗೆಯದು. ಭತ್ತದ ಕೊಯ್ಲಿನ ದಿನಗಳಲ್ಲಿ ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಗುತ್ತಿರುತ್ತದೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಸಾಲಾಗಿ ಹೋಗುತ್ತಿರುತ್ತವೆ, ಕುರಿಹಿಂಡುಗಳು ದಾಟುತ್ತವೆ. ಅಂಥ ಕಡೆ ಕಾಲು ಬ್ರೇಕಿನ ಮೇಲೆಯೇ ಇರಬೇಕು. ಸಂಡೂರು, ತೋರಣಗಲ್ಲು ಸುತ್ತಿನ ಅದಿರು ಲಾರಿಗಳ ದಾರಿಯಲ್ಲಿಯೂ, ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ದವಸ ಹೊತ್ತ ಗಾಡಿಗಳು ಕೊಪ್ಪಳದ ಕಡೆ ಬರುವ ದಿನಗಳಲ್ಲಿಯೂ ಇದನ್ನು ಆರಿಸಿಡುವುದೇ ಸರಿ. ನೀವು ಓಡಾಡುವುದು ಬಹುತೇಕ ಇಂಥ ರಸ್ತೆಗಳಲ್ಲಿಯೇ ಆದರೆ ಆ ಹಣವನ್ನು ಟೈರಿಗೂ ಬ್ರೇಕಿಗೂ ಹಾಕಿ ಎಂಬುದೇ ನನ್ನ ಸಲಹೆ.

ಯಾವ ಹಳೆಯ ಗಾಡಿಗೆ ಇದನ್ನು ಕೂಡಿಸಬಹುದು?

ಬಾನೆಟ್ ತೆರೆದು ಆ್ಯಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಏನು ಹೋಗುತ್ತದೆ ಎಂಬುದನ್ನು ಮೊದಲು ನೋಡಿ. ಉಕ್ಕಿನ ಕೇಬಲ್ ಅಥವಾ ಸರಳು ಹೋಗಿ ಡೀಸೆಲ್ ಪಂಪಿನ ಲಿವರನ್ನೋ ಕಾರ್ಬ್ಯುರೇಟರನ್ನೋ ಎಳೆಯುತ್ತಿದ್ದರೆ, ಕೇಬಲ್ ಎಳೆಯುವ ಸಾಧನವಿರುವ ಕಿಟ್ ಬೇಕು. ಪೆಡಲಿನ ಬುಡದಿಂದ ಬರೀ ವೈರ್‌ಗಳು ಹೊರಟಿದ್ದರೆ ಅದು ಕಾಮನ್ ರೈಲ್ (ಡೀಸೆಲ್ಲನ್ನು ಕಂಪ್ಯೂಟರ್ ನಿಯಂತ್ರಿಸುವ) ಎಂಜಿನ್ನಿನ ಎಲೆಕ್ಟ್ರಾನಿಕ್ ಪೆಡಲ್. ಅಂಥ ಗಾಡಿಗೆ ಪೆಡಲ್ ಮತ್ತು ಎಂಜಿನ್ ಕಂಪ್ಯೂಟರಿನ ನಡುವೆ ಕೂಡಿಸುವ ಬೇರೆಯೇ ಕಿಟ್ ಇದೆ. ಅದು ಅದೇ ಮಾದರಿಯ ಗಾಡಿಗೆಂದು ತಯಾರಾದದ್ದಾಗಿರಬೇಕು. ವೈರ್ ಕತ್ತರಿಸಿ, ಅಂದಾಜಿನ ಮೇಲೆ ಜೋಡಿಸಿ ಸರಿಪಡಿಸುವ ಕೆಲಸ ಅದಲ್ಲ. ಈ ಪುಟದ ಬಹುಭಾಗ ಕೇಬಲ್ ಇರುವ ಗಾಡಿಗಳಿಗೆ ಸಂಬಂಧಿಸಿದ್ದು.

ಮಾರುತಿ ಓಮ್ನಿಯನ್ನು ಕ್ಯಾಂಪರ್ ಮಾಡಿಕೊಂಡವರೂ ಕೇಳುತ್ತಾರೆ. 796 ಸಿಸಿಯ ಆ ಎಂಜಿನ್ನಿಗೆ ಹೊರೆ ಹೇರಿದ ಮೇಲೆ ಮಿಕ್ಕ ಶಕ್ತಿ ಬಹಳ ಕಡಿಮೆ. ಸಣ್ಣ ಏರು ಬಂದರೂ ಪೂರ್ತಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ತೆರೆದು ಮತ್ತೆ ಬಿಡುವ ಎಳೆದಾಟವೇ ನಡೆಯುತ್ತದೆ. ಅದಕ್ಕೆ ಬೇಡ.

ಡೀಸೆಲ್ ಗಾಡಿಗೆ ವ್ಯಾಕ್ಯೂಮ್ ಕಿಟ್ ಒಳ್ಳೆಯದೋ, ಎಲೆಕ್ಟ್ರಿಕ್ ಕಿಟ್ ಒಳ್ಳೆಯದೋ?

ಎಲೆಕ್ಟ್ರಿಕ್ ಕಿಟ್. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿಕೊಂಡಂತೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಬರುವ ಕೊಳವೆಯಲ್ಲಿ) ವ್ಯಾಕ್ಯೂಮ್, ಅಂದರೆ ಗಾಳಿಯ ಸೆಳೆತ, ಉಂಟಾಗುತ್ತದೆ, ಹಳೆಯ ಕಾಲದ ಕಿಟ್‌ಗಳು ಆ ಸೆಳೆತದಿಂದಲೇ ಒಂದು ರಬ್ಬರ್ ಡಯಾಫ್ರಮ್ಮನ್ನು ಎಳೆದು ಕೇಬಲ್ಲನ್ನು ಹಿಡಿಯುತ್ತಿದ್ದವು. ಸಾಮಾನ್ಯ ಡೀಸೆಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಥ್ರಾಟಲ್ ಇಲ್ಲದ್ದರಿಂದ ಅಂಥ ವ್ಯಾಕ್ಯೂಮ್ ಹುಟ್ಟುವುದಿಲ್ಲ. ಡೀಸೆಲ್ ಗಾಡಿಯಲ್ಲಿರುವ ವ್ಯಾಕ್ಯೂಮ್, ಎಂಜಿನ್ನಿಗೋ ಆಲ್ಟರ್ನೇಟರಿಗೋ ಜೋಡಿಸಿದ ಪಂಪು ತಯಾರಿಸಿಕೊಡುವಂಥದ್ದು, ಮತ್ತು ಅದು ಇರುವುದು ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿಗಾಗಿ.

ಆ ಬ್ರೇಕ್ ಕೊಳವೆಗೇ ಒಂದು ಟೀ (ಮೂರು ಬಾಯಿಯ ಕೊಂಡಿ) ಹಾಕಿ ಕ್ರೂಸ್ ಕಿಟ್ಟಿಗೂ ವ್ಯಾಕ್ಯೂಮ್ ಕೊಟ್ಟುಬಿಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಹಾಗೆ ಜೋಡಿಸಿದ ಕೊಳವೆ ಎಲ್ಲಿಯಾದರೂ ಬಿರುಕು ಬಿಟ್ಟರೆ, ಮೊದಲು ಹೋಗುವುದು ಕ್ರೂಸ್ ಅಲ್ಲ, ಬ್ರೇಕಿನ ಬಲ. ಹಿಂದೆ ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಮಲಗಿರುವ ಮಕ್ಕಳು ಇರುವ ಗಾಡಿಯಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಡುವ ಸಾಧ್ಯತೆಯನ್ನು ಕೈಯಾರೆ ತಂದುಕೊಳ್ಳುವುದು ಒಪ್ಪತಕ್ಕ ಮಾತಲ್ಲ. ಎಲೆಕ್ಟ್ರಿಕ್ ಕಿಟ್ಟಿನಲ್ಲಿ ಒಂದು ಸಣ್ಣ ಮೋಟರು ಮತ್ತು ಅದರ ಮುಂದೆ ಒಂದು ವಿದ್ಯುತ್ಕಾಂತದ ಕ್ಲಚ್ ಇರುತ್ತದೆ. ಕರೆಂಟ್ ಹೋದ ಕ್ಷಣವೇ ಆ ಕ್ಲಚ್ ಬಿಟ್ಟುಕೊಂಡು, ಎಂಜಿನ್ನಿನ ಸ್ವಂತ ಸ್ಪ್ರಿಂಗು ಲಿವರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ವೇಗವನ್ನು ಹಿಡಿದಿಡುವ ಕೆಲಸವನ್ನು ಎಂಥ ಅಗ್ಗದ ಕಿಟ್ಟಾದರೂ ಒಂದು ಮಟ್ಟಿಗೆ ಮಾಡುತ್ತದೆ. ಬೇಕೆಂದಾಗ, ತಪ್ಪದೆ, ತಕ್ಷಣ ಬಿಡುತ್ತದೆಯೇ ಎಂಬುದರ ಮೇಲೆ ಕಿಟ್ಟಿನ ಯೋಗ್ಯತೆಯನ್ನು ಅಳೆಯಬೇಕು. ಮುಂದಿನ ಉತ್ತರಗಳೆಲ್ಲ ಬಹುಮಟ್ಟಿಗೆ ಈ ಬಿಡುವಿಕೆಯ ಬಗ್ಗೆಯೇ ಇವೆ.

ಕಿಟ್ ಕೊಳ್ಳುವ ಮೊದಲು ಗಾಡಿಯಲ್ಲಿ ಏನನ್ನು ಸರಿಮಾಡಿಕೊಳ್ಳಬೇಕು?

ಎಂಜಿನ್ ಆರಿಸಿ, ಪೆಡಲನ್ನು ಪೂರ್ತಿ ಒತ್ತಿ ಥಟ್ಟನೆ ಬಿಟ್ಟು ನೋಡಿ. ಪಂಪಿನ ಲಿವರ್ ಒಂದೇ ಏಟಿಗೆ ತನ್ನ ಜಾಗಕ್ಕೆ ಬಂದು ಬಡಿಯಬೇಕು. ಸ್ವಲ್ಪವಾದರೂ ತಡೆದು ಬಂದರೆ, ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಎರೆಮಣ್ಣಿನ ಧೂಳು ಗ್ರೀಸಿನೊಂದಿಗೆ ಕಲೆತು ಗಟ್ಟಿಯಾಗಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಕೇಬಲ್ ಮತ್ತು ಸ್ಪ್ರಿಂಗ್ ಬದಲಿಸದೆ ಮುಂದಿನ ಹೆಜ್ಜೆ ಇಡಬೇಡಿ. ಎಂಜಿನ್ ಮೌಂಟಿಂಗ್ ರಬ್ಬರ್‌ಗಳನ್ನೂ ನೋಡಬೇಕು. ಅವು ಹರಿದಿದ್ದರೆ ಎಂಜಿನ್ ಅಲುಗಿದಂತೆಲ್ಲ ಕೇಬಲ್ ತಾನೇ ಎಳೆದು ಬಿಟ್ಟು ಆಗುತ್ತದೆ, ಕ್ರೂಸ್ ಎಷ್ಟೇ ಒಳ್ಳೆಯದಿದ್ದರೂ ವೇಗ ನಿಲ್ಲುವುದಿಲ್ಲ. ಬ್ರೇಕ್ ಲೈಟ್‌ಗಳು ಪೆಡಲನ್ನು ಸ್ವಲ್ಪ ಮುಟ್ಟಿದೊಡನೆ ಹೊತ್ತಬೇಕು.

ಕಿಟ್ಟಿನಲ್ಲಿ ಯಾವ ಯಾವ ಭಾಗಗಳಿರುತ್ತವೆ?

ಕೇಬಲ್ ಎಳೆಯುವ ಮೋಟರ್, ನಿಯಂತ್ರಣದ ಡಬ್ಬಿ, ಚಾಲಕರ ಗುಂಡಿಗಳು, ವೇಗ ಅಳೆಯುವ ಸೆನ್ಸರ್ ಮತ್ತು ಮ್ಯಾಗ್ನೆಟ್‌ಗಳು, ಕ್ಲಚ್ ಸ್ವಿಚ್, ವೈರಿಂಗ್. ಕೆಲವು ಕಿಟ್‌ಗಳಲ್ಲಿ ಮೋಟರೂ ಡಬ್ಬಿಯೂ ಒಂದೇ ಆಗಿರುತ್ತದೆ. ಕ್ಲಚ್ ಸ್ವಿಚ್ಚನ್ನು ಬೇರೆಯಾಗಿ ಕೊಳ್ಳಬೇಕಾಗುವುದುಂಟು. ಆಟೊಮ್ಯಾಟಿಕ್ ಗೇರಿನ ಗಾಡಿಗಳು ಹೆಚ್ಚಿರುವ ದೇಶಗಳಿಗೆಂದು ತಯಾರಾದ ಕಿಟ್ಟಿನಲ್ಲಿ ಅದು ಇರುವುದೇ ಇಲ್ಲ.

ಮೋಟರನ್ನು ಎಲ್ಲಿ ಕೂಡಿಸಬೇಕು, ಕೇಬಲ್ಲನ್ನು ಹೇಗೆ ಜೋಡಿಸಬೇಕು?

ಸೈಲೆನ್ಸರ್ ಮ್ಯಾನಿಫೋಲ್ಡಿನಿಂದಲೂ ಟರ್ಬೋದಿಂದಲೂ ದೂರ, ಗಾಲಿಯ ಕೆಸರು ಸಿಡಿಯದ ಕಡೆ, ಗಟ್ಟಿ ತಗಡಿನ ಮೇಲೆ. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಬಾನೆಟ್ ಒಳಗಿನ ಕಾವು ಅದರ ಮೇಲೆ ಬಹಳಷ್ಟು ಏರುತ್ತದೆ. ಎಂಜಿನ್ನಿನ ಒಂದು ಭಾಗ ಕ್ಯಾಬಿನ್ನಿನ ಒಳಕ್ಕೆ ಚಾಚಿಕೊಂಡಿರುವ ಗಾಡಿಗಳಲ್ಲಿ ಜಾಗ ಇನ್ನೂ ಇಕ್ಕಟ್ಟು. ಬಿಸಿಲಿನಲ್ಲಿ ದೂರ ಓಡಿಸಿ ಬಂದು, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಬಾನೆಟ್ ತೆರೆದಾಗ ಕೈಯಿಡಲಾಗದಷ್ಟು ಸುಡುವ ಜಾಗವನ್ನು ಬಿಟ್ಟುಬಿಡಿ. ನಿಯಂತ್ರಣದ ಡಬ್ಬಿ ಬೇರೆಯಿದ್ದರೆ ಅದು ಡ್ಯಾಶ್‌ಬೋರ್ಡಿನ ಅಡಿಯಲ್ಲಿಯೇ ಇರಲಿ.

ಹಿಡಿಕೆಯ ಬ್ರಾಕೆಟ್ಟನ್ನು ಕಿಟ್ ಜೊತೆ ಬಂದ ತೆಳು ಪಟ್ಟಿಯಿಂದ ಬಗ್ಗಿಸಿಕೊಳ್ಳುವ ಬದಲು, ಅಳತೆ ಕೊಟ್ಟು ಲೇತ್ ಅಂಗಡಿಯಲ್ಲಿ ಮಾಡಿಸುವುದು ಮೇಲು. ಟ್ರ್ಯಾಕ್ಟರ್ ಮತ್ತು ಲಾರಿಗಳ ಕೆಲಸದಿಂದ ಪಳಗಿದ ಕೈಗಳು ಗಂಗಾವತಿ, ಸಿಂಧನೂರುಗಳಲ್ಲಿ ಬೇಕಾದಷ್ಟಿವೆ. ಅವರಿಗೆ ಹೇಳಬೇಕಾದ ಮಾತು ಒಂದೇ: ಮೋಟರಿನ ಕೇಬಲ್ ಪಂಪಿನ ಲಿವರನ್ನು ಅದು ತಿರುಗುವ ದಿಕ್ಕಿನಲ್ಲಿಯೇ, ನೇರವಾಗಿ ಎಳೆಯಬೇಕು, ಓರೆಯಾಗಿ ಎಳೆದರೆ ಕೇಬಲ್ ಸವೆದು ಒಂದು ದಿನ ಸಿಕ್ಕಿಕೊಳ್ಳುತ್ತದೆ.

ಲಿವರಿಗೆ ಜೋಡಿಸುವ ಕೊನೆಯಲ್ಲಿ ಸಣ್ಣ ಮಣಿಸರವೋ ಕೊಳವೆಯಂಥ ಕೊಂಡಿಯೋ ಇರುತ್ತದೆ. ನೀವು ಪೆಡಲ್ ಒತ್ತಿದಾಗ ಲಿವರ್ ಮುಂದೆ ಹೋದರೂ ಕ್ರೂಸ್ ಕೇಬಲ್ ಸಡಿಲಗೊಂಡು ಸುಮ್ಮನೆ ಉಳಿಯಲಿ ಎಂಬುದು ಅದರ ಉದ್ದೇಶ. ಎಂಜಿನ್ ಆರಿರುವಾಗ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು. ಸಡಿಲವೇ ಇಲ್ಲದಿದ್ದರೆ ಎಂಜಿನ್ ಐಡಲ್ ಏರಿ ನಿಲ್ಲುತ್ತದೆ. ಅತಿಯಾದರೆ ಗುಂಡಿ ಒತ್ತಿದಾಗ ವೇಗ ಒಮ್ಮೆ ಬಿದ್ದು ಆಮೇಲೆ ಹಿಡಿಯುತ್ತದೆ. ಮೋಟರ್ ಎಳೆಯುವ ದೂರ ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಪಂಪಿನ ಲಿವರ್ ಅದಕ್ಕಿಂತ ಹೆಚ್ಚು ದೂರ ಚಲಿಸಬೇಕಾಗಿದ್ದರೆ ಕೊಂಡಿಯನ್ನು ಲಿವರಿನ ತಿರುಗಣಿಗೆ ಹತ್ತಿರ ಹಾಕಿ. ಕೊನೆಗೆ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಗೇರುಗಳನ್ನೆಲ್ಲ ಹಾಕಿ ತೆಗೆದು, ಕೇಬಲ್ ಎಲ್ಲಿಯೂ ತಾಗುವುದಿಲ್ಲವೆಂದು ಕಣ್ಣಾರೆ ನೋಡಬೇಕು.

ಸ್ಪೀಡೋಮೀಟರ್ ಕೇಬಲ್ಲಿನದು. ಕಿಟ್ಟಿಗೆ ವೇಗ ಹೇಗೆ ಗೊತ್ತಾಗುತ್ತದೆ?

ಪ್ರೊಪೆಲ್ಲರ್ ಶಾಫ್ಟಿಗೆ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ದಂಡಕ್ಕೆ) ಮ್ಯಾಗ್ನೆಟ್ ಕಟ್ಟಿ, ಅದರ ಎದುರಿಗೆ ಚಾಸಿಗೆ ಸೆನ್ಸರ್ ಕೂಡಿಸುವುದು ಹಳೆಯ ಗಾಡಿಗಳಿಗೆ ನಂಬಿಕೆಯ ವಿಧಾನ. ಲೆಕ್ಕ ಹೀಗೆ ಮಾಡಬಹುದು. ಟೈರಿನ ಸುತ್ತಳತೆ 2.1 ಮೀಟರ್ ಎಂದುಕೊಂಡರೆ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 476 ಸುತ್ತು ಸುತ್ತುತ್ತದೆ. ಹಿಂದಿನ ಆಕ್ಸಲಿನ ಅನುಪಾತ (ಗಾಲಿಯ ಒಂದು ಸುತ್ತಿಗೆ ಶಾಫ್ಟ್ ಸುತ್ತುವ ಸುತ್ತು) 4.1 ಇದ್ದರೆ ಶಾಫ್ಟ್ ಅದೇ ಕಿಲೋಮೀಟರಿಗೆ 1,950 ಸುತ್ತುಗಳಷ್ಟು ತಿರುಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ನಿಮಿಷಕ್ಕೆ ಒಂದು ಕಿಲೋಮೀಟರ್ ಸಾಗುವುದರಿಂದ ಸೆಕೆಂಡಿಗೆ 32 ಸುತ್ತಿಗಿಂತ ಸ್ವಲ್ಪ ಹೆಚ್ಚು. ಎರಡು ಮ್ಯಾಗ್ನೆಟ್ ಇದ್ದರೆ ಸೆನ್ಸರಿಗೆ ಸೆಕೆಂಡಿಗೆ ಸುಮಾರು 65 ಮಿಡಿತ ಸಿಗುತ್ತದೆ. ನಿಮ್ಮ ಗಾಡಿಯ ಟೈರನ್ನು ಅಳೆದು, ಅದರ ಆಕ್ಸಲ್ ಅನುಪಾತವನ್ನು ತಿಳಿದುಕೊಂಡು ಇದೇ ಲೆಕ್ಕ ಮಾಡಿ, ಡಬ್ಬಿಯೊಳಗಿನ ಪುಟ್ಟ ಸ್ವಿಚ್‌ಗಳನ್ನು ಕಿಟ್ಟಿನ ಪುಸ್ತಿಕೆಯಂತೆ ಇಟ್ಟುಕೊಳ್ಳಬೇಕು.

ಮ್ಯಾಗ್ನೆಟ್‌ಗಳನ್ನು ಒಂದಕ್ಕೊಂದು ನೇರ ಎದುರಿಗೆ ಕಟ್ಟಿ. ಒಂದೇ ಕಡೆ ಭಾರ ಬಿದ್ದರೆ ಶಾಫ್ಟ್ ನಡುಗಿ ಜಾಯಿಂಟ್ ಕೆಡುತ್ತದೆ. ಪ್ಲಾಸ್ಟಿಕ್ ಟೈ ಒಂದನ್ನೇ ನೆಚ್ಚಿಕೊಳ್ಳದೆ, ಶಾಫ್ಟನ್ನು ಉಜ್ಜಿ ಎಣ್ಣೆ ತೆಗೆದು ಎಪಾಕ್ಸಿಯಿಂದ ಅಂಟಿಸಿ ಮೇಲೆ ಪಟ್ಟಿ ಬಿಗಿಯಬೇಕು. ಸೆನ್ಸರನ್ನು ಗೇರ್‌ಬಾಕ್ಸಿನ ಸಮೀಪ ಇಡಿ. ಆಕ್ಸಲ್ ಕಡೆಯ ತುದಿ ಗುಂಡಿಗಳಲ್ಲಿ ಮೇಲೆ ಕೆಳಗೆ ಕುಣಿಯುವುದರಿಂದ ಅಲ್ಲಿ ಅಂತರ ಒಂದೇ ಸಮ ಇರುವುದಿಲ್ಲ.

ಟಾಟಾ ವಿಂಗರಿನಲ್ಲಿ ಮುಂದಿನ ಗಾಲಿಗಳೇ ಎಳೆಯುವುದರಿಂದ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಅಲ್ಲಿ ಗಾಲಿಯ ಡ್ರೈವ್ ಶಾಫ್ಟಿಗೆ ಕಟ್ಟಬೇಕು. ಅದು ಗಾಲಿಯಷ್ಟೇ ಸುತ್ತುವುದರಿಂದ ಮಿಡಿತ ಬಹಳ ಕಡಿಮೆಯಾಗುತ್ತದೆ, ನಾಲ್ಕು ಮ್ಯಾಗ್ನೆಟ್‌ಗಳಾದರೂ ಬೇಕು.

ಬ್ರೇಕ್ ಸ್ವಿಚ್ಚಿನ ವೈರಿಂಗ್ ಬಗ್ಗೆ ಅಷ್ಟೊಂದು ಎಚ್ಚರಿಕೆ ಏಕೆ? ಹಿಂದಿನ ದೀಪ ಎಲ್‌ಇಡಿ ಮಾಡಿಸಿದ ಮೇಲೆ ನನ್ನ ಕ್ರೂಸ್ ಹಿಡಿಯುತ್ತಿಲ್ಲ.

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಹೆಚ್ಚಿನ ಕಿಟ್‌ಗಳಲ್ಲಿ ಬ್ರೇಕ್ ಸ್ವಿಚ್ಚಿನ ದೀಪದ ಕಡೆಯ ವೈರಿಗೆ ಒಂದು ಜೋಡಣೆ ಇರುತ್ತದೆ. ಪೆಡಲ್ ಒತ್ತಿದಾಗ ಆ ವೈರಿಗೆ 12 ವೋಲ್ಟ್ ಬಂದು ಕ್ರೂಸ್ ಆರುತ್ತದೆ. ಒತ್ತದಿರುವಾಗ ಅದೇ ವೈರು ಬಲ್ಬಿನ ತಂತಿಯ ಮೂಲಕ ಅರ್ಥ್ ಆಗಿರುತ್ತದೆ (ಗಾಡಿಯ ಬಾಡಿಗೆ ಜೋಡಿಸಿಕೊಂಡಿರುತ್ತದೆ), ಮತ್ತು ಡಬ್ಬಿಯು ಆ ಅರ್ಥ್ ಸಿಗುತ್ತಿದೆಯೇ ಎಂದು ನೋಡುತ್ತಲೇ ಇರುತ್ತದೆ. ಬಲ್ಬುಗಳೆಲ್ಲ ಹೋಗಿದ್ದರೆ, ವೈರ್ ತುಂಡಾಗಿದ್ದರೆ ಅರ್ಥ್ ಸಿಗದೆ ಕ್ರೂಸ್ ಹಿಡಿಯುವುದಿಲ್ಲ. ಬ್ರೇಕಿನ ಸುದ್ದಿ ತನಗೆ ತಲುಪುವ ಭರವಸೆ ಇಲ್ಲದಿದ್ದರೆ ಕೆಲಸವನ್ನೇ ಆರಂಭಿಸದ ಈ ವ್ಯವಸ್ಥೆ ಬಹಳ ವಿವೇಕದ್ದು. ಎಲ್‌ಇಡಿ ದೀಪದ ಮೂಲಕ ಅಂಥ ಅರ್ಥ್ ಸಿಗುವುದಿಲ್ಲವಾದ್ದರಿಂದ ಡಬ್ಬಿ ವೈರ್ ತುಂಡಾಗಿದೆ ಎಂದೇ ತಿಳಿಯುತ್ತದೆ. ಪುಸ್ತಿಕೆಯಲ್ಲಿ ತೋರಿಸಿದಂತೆ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಬೇಕು, ಇಲ್ಲವೇ ಒಂದು ಕಡೆಯಾದರೂ ಹಳೆಯ ಬಲ್ಬನ್ನು ಉಳಿಸಿಕೊಳ್ಳಬೇಕು. ಆ ವೈರನ್ನು ನೇರವಾಗಿ ಬಾಡಿಗೆ ಅರ್ಥ್ ಮಾಡಿ ಡಬ್ಬಿಯನ್ನು ವಂಚಿಸುವ ಉಪಾಯ ಹೇಳಿಕೊಡುವವರು ಇದ್ದಾರೆ. ಅದನ್ನು ಎಂದಿಗೂ ಮಾಡಬೇಡಿ. ಬ್ರೇಕ್ ಒತ್ತಿದರೂ ಕ್ರೂಸ್ ಬಿಡದ ಗಾಡಿ ಅದರಿಂದ ಉಂಟಾಗುತ್ತದೆ.

ಕ್ಲಚ್ ಸ್ವಿಚ್ ಬಿಟ್ಟರೆ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಕ್ರೂಸ್ ಹಿಡಿದಿರುವಾಗ ಕ್ಲಚ್ ಒತ್ತಿದರೆ ಎಂಜಿನ್ನಿನ ಮೇಲಿನ ಹೊರೆ ಒಮ್ಮೆಲೇ ಇಲ್ಲವಾಗಿ ಅದು ಅರಚಿಕೊಂಡು ಏರುತ್ತದೆ. ಪೆಟ್ರೋಲ್ ಗಾಡಿಯ ಕೆಲವು ಕಿಟ್‌ಗಳು ಇಗ್ನಿಷನ್ ಕಾಯಿಲಿನ ಮಿಡಿತದಿಂದ ಈ ಏರಿಕೆಯನ್ನು ಗುರುತಿಸಿ ಆರುತ್ತವೆ, ಆದರೆ ಡೀಸೆಲ್ಲಿನಲ್ಲಿ ಇಗ್ನಿಷನ್ ಕಾಯಿಲ್ ಇಲ್ಲ. ಆಲ್ಟರ್ನೇಟರಿನ ಡಬ್ಲ್ಯೂ ತುದಿಯಿಂದ (ಎಂಜಿನ್ ಸುತ್ತಿಗೆ ತಕ್ಕ ಮಿಡಿತ ಕೊಡುವ ಜೋಡಣೆಯಿಂದ) ಎಂಜಿನ್ ವೇಗ ತೆಗೆದುಕೊಳ್ಳಬಹುದಾದರೂ ಕ್ಲಚ್ ಪೆಡಲಿಗೆ ಸ್ವಿಚ್ ಹಾಕುವುದೇ ಸರಳ. ಪೆಡಲ್ ಅರ್ಧ ಇಳಿಯುವ ಮೊದಲೇ ಅದು ತೆರೆದುಕೊಳ್ಳುವಂತೆ ಹೊಂದಿಸಬೇಕು.

ಕ್ಯಾಂಪರಿನಲ್ಲಿ ಎರಡು ಬ್ಯಾಟರಿಗಳಿವೆ. ಕರೆಂಟ್ ಯಾವುದರಿಂದ ಕೊಡಬೇಕು?

ಎಂಜಿನ್ ಬ್ಯಾಟರಿಯಿಂದ, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ, ಬೇರೆಯೇ ಫ್ಯೂಸ್ ಹಾಕಿ. ಫ್ಯಾನು, ಫ್ರಿಜ್ಜು, ಇನ್ವರ್ಟರು ನಡೆಯುವ ಹಿಂದಿನ ಬ್ಯಾಟರಿಗೆ ಜೋಡಿಸಿದರೆ ಕೀಲಿ ತೆಗೆದರೂ ಕಿಟ್ ಜೀವಂತವಾಗಿರುತ್ತದೆ. ಸೆನ್ಸರಿನ ವೈರನ್ನು ಇನ್ವರ್ಟರಿನ ದಪ್ಪ ಕೇಬಲ್‌ಗಳ ಜೊತೆ ಕಟ್ಟಬೇಡಿ. ಗಾಡಿ 24 ವೋಲ್ಟಿನದಾಗಿದ್ದರೆ ಅದಕ್ಕೆ ತಕ್ಕ ಕಿಟ್ಟನ್ನೇ ಕೊಳ್ಳಬೇಕು.

ಗಾಡಿಗೆ ಈಗಾಗಲೇ ಸ್ಪೀಡ್ ಗವರ್ನರ್ ಇದೆ. ಎರಡೂ ಒಟ್ಟಿಗೆ ಇರಬಹುದೇ?

ಇರಬಹುದು, ಗವರ್ನರನ್ನು ಮುಟ್ಟದೆ. ಕೇಂದ್ರ ಮೋಟಾರು ವಾಹನ ನಿಯಮ 118ರ ಪ್ರಕಾರ ಸಾರಿಗೆ ವಾಹನವಾಗಿ ನೋಂದಣಿಯಾದ ಹೆಚ್ಚಿನ ಗಾಡಿಗಳಿಗೆ ಗಂಟೆಗೆ 80 ಕಿಲೋಮೀಟರಿಗೆ ಮಿತಿಗೊಳಿಸುವ ಸಾಧನ ಇರುತ್ತದೆ. ಅದು ಡೀಸೆಲ್ ಹರಿವನ್ನೋ ಪಂಪಿನ ಲಿವರನ್ನೋ ತಡೆಯುತ್ತದೆ. ಕ್ರೂಸನ್ನು 80ರ ಸಮೀಪ ಇಟ್ಟರೆ ಒಂದು ಎಳೆಯುವುದು, ಇನ್ನೊಂದು ತಡೆಯುವುದು ನಡೆದು ಗಾಡಿ ಜಗ್ಗಾಡುತ್ತದೆ. 70ಕ್ಕೆ ಇಟ್ಟುಕೊಳ್ಳಿ, ತೊಂದರೆ ಇರುವುದಿಲ್ಲ. ಗವರ್ನರಿನ ಸೀಲ್ ಒಡೆಯುವುದು, ಅದರ ವೈರಿನಿಂದ ವೇಗದ ಸಂಕೇತ ಕದಿಯುವುದು ಎರಡೂ ಕೂಡದು. ಎಫ್‌ಸಿ (ಫಿಟ್‌ನೆಸ್) ಪರೀಕ್ಷೆಯಲ್ಲಿ ಗಾಡಿ ಅಲ್ಲಿಯೇ ನಿಲ್ಲುತ್ತದೆ.

ಆರ್‌ಟಿಒ ಅನುಮತಿ ಬೇಕೇ? ವಿಮೆಯ ಕಥೆಯೇನು?

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಎಂಜಿನ್, ಚಾಸಿ, ಆಸನ ಸಂಖ್ಯೆ, ಬಾಡಿ ಮಾದರಿ, ಇಂಧನ ಇಂಥವು ಆ ವಿವರಗಳು. ಕ್ರೂಸ್ ಕಿಟ್ ಇವುಗಳಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಆದರೆ ಸೀಟು ತೆಗೆದು ಮಂಚ ಹಾಕಿದ ಕ್ಯಾಂಪರ್ ಮಾರ್ಪಾಡು ಖಂಡಿತವಾಗಿ ಬದಲಿಸುತ್ತದೆ. ಅದು ಆರ್‌ಸಿಯಲ್ಲಿ ನಮೂದಾಗದೆ ಇದ್ದರೆ ಕ್ರೂಸ್ ವಿಚಾರಕ್ಕೆ ಮುಂಚೆ ಅದನ್ನು ಕೆಎ 34, 36, 37 ಯಾವುದಾದರೂ ಸರಿ, ನಿಮ್ಮ ನೋಂದಣಿಯ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕು. ಖಾಸಗಿ ನೋಂದಣಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಯಾಗಿ ನವೀಕರಣವಾಗುತ್ತದೆ, ಆಗ ಕಾಗದವೂ ಗಾಡಿಯೂ ಹೊಂದಬೇಕು. ವಿಮಾ ಕಂಪನಿಗೆ ಕಿಟ್ಟಿನ ಬಿಲ್ಲಿನೊಂದಿಗೆ ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಗೆಯ ಪತ್ರವನ್ನು ಪಾಲಿಸಿಯ ಜೊತೆಗೆ ಇಟ್ಟುಕೊಳ್ಳಿ.

ಕೂಡಿಸಿದ ಮೇಲೆ ಪರೀಕ್ಷೆ ಹೇಗೆ?

ಮೊದಲು ನಿಂತಲ್ಲಿಯೇ. ಎಂಜಿನ್ ಆರಿಸಿ ಕೀಲಿ ಮಾತ್ರ ತಿರುಗಿಸಿ, ಹೆಚ್ಚಿನ ಡಬ್ಬಿಗಳಲ್ಲಿರುವ ಪರೀಕ್ಷಾ ದೀಪವನ್ನು ನೋಡುತ್ತ ಬ್ರೇಕ್, ಕ್ಲಚ್, ಪ್ರತಿಯೊಂದು ಗುಂಡಿಯನ್ನೂ ಬೇರೆ ಬೇರೆಯಾಗಿ ಒತ್ತಿ ಅದು ಉತ್ತರಿಸುತ್ತದೆಯೇ ಎಂದು ನೋಡಬೇಕು. ಗಾಡಿಯನ್ನು ಸ್ವಲ್ಪ ತಳ್ಳಿದಾಗ ಮ್ಯಾಗ್ನೆಟ್ ಹಾದುಹೋದಂತೆ ದೀಪ ಮಿನುಗಬೇಕು.

ಆಮೇಲೆ ಮುಂಜಾನೆ, ಖಾಲಿ ಗಾಡಿಯಲ್ಲಿ, ನೇರವಾದ ನಾಲ್ಕು ಪಥದ ರಸ್ತೆಗೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗಿ. ಹೆಚ್ಚಿನ ಕಿಟ್‌ಗಳು ಗಂಟೆಗೆ 40ರಿಂದ 50 ಕಿಲೋಮೀಟರಿಗಿಂತ ಕೆಳಗೆ ಹಿಡಿಯುವುದಿಲ್ಲ. 55ಕ್ಕೆ ಹಿಡಿಸಿ, ತಕ್ಷಣ ಬ್ರೇಕಿಗೆ ಬರೀ ಪಾದ ತಾಗಿಸಿ ಬಿಡಿಸಿ. ಮತ್ತೆ ಹಿಡಿಸಿ ಕ್ಲಚ್ಚಿನಿಂದ ಬಿಡಿಸಿ. ಮತ್ತೆ ಹಿಡಿಸಿ ಗುಂಡಿಯಿಂದ ಆರಿಸಿ. ಈ ಮೂರೂ ತಪ್ಪದೆ ಆದ ಮೇಲೆ ಮಾತ್ರ ವೇಗ ಎಷ್ಟು ಸಮ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಮೂರರಲ್ಲಿ ಒಂದು ಒಮ್ಮೆ ತಪ್ಪಿದರೂ ಫ್ಯೂಸ್ ತೆಗೆದು ಗ್ಯಾರೇಜಿಗೆ ಮರಳಿ.

ಗಾಡಿ ಹಿಂದೆ ಮುಂದೆ ಜಗ್ಗುತ್ತದೆ. ಏನು ಮಾಡಲಿ?

ಕೇಬಲ್ಲಿನ ಸಡಿಲ, ಸಡಿಲಾದ ಮ್ಯಾಗ್ನೆಟ್, ಹರಿದ ಎಂಜಿನ್ ಮೌಂಟಿಂಗ್, ಈ ಕ್ರಮದಲ್ಲಿ ನೋಡಿ. ಅವೆಲ್ಲ ಸರಿಯಿದ್ದರೆ ಡಬ್ಬಿಯ ಸೂಕ್ಷ್ಮತೆಯ ಸ್ವಿಚ್ಚನ್ನು ಒಂದು ಹಂತ ಇಳಿಸಿ. ಹಳೆಯ ಡೀಸೆಲ್ ಪಂಪಿನಲ್ಲಿ ಎಲ್ಲ ವೇಗಗಳನ್ನೂ ನಿಯಂತ್ರಿಸುವ ಬಗೆಯ ಮೆಕ್ಯಾನಿಕಲ್ ಗವರ್ನರ್ ಇದ್ದರೆ, ಲಿವರ್ ಒಂದು ಜಾಗದಲ್ಲಿ ನಿಂತಾಗ ಎಂಜಿನ್ನೂ ತನ್ನ ಸುತ್ತನ್ನು ತಾನೇ ಕಾಯ್ದುಕೊಳ್ಳಲು ಯತ್ನಿಸುತ್ತದೆ. ಅಂಥ ಗಾಡಿಗೆ ಕ್ರೂಸ್ ಮೆಲ್ಲಗೆ ಕೆಲಸ ಮಾಡಿದರೆ ಸಾಕು. ಎರೆನೆಲದ ಮೇಲಿನ ರಸ್ತೆಗಳು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆಯಲೆಯಾಗಿರುವುದರಿಂದಲೂ ಕೆಲವು ಕಡೆ ಜಗ್ಗಾಟ ಕಾಣುತ್ತದೆ. ಅದು ಕಿಟ್ಟಿನ ದೋಷವಲ್ಲ.

ಡೀಸೆಲ್ ಉಳಿಯುತ್ತದೆಯೇ?

ಸಮತಟ್ಟು ರಸ್ತೆಯಲ್ಲಿ, ಪದೇ ಪದೇ ವೇಗ ಏರಿಸಿ ಇಳಿಸುವ ಅಭ್ಯಾಸವಿದ್ದ ಚಾಲಕರಿಗೆ ಸ್ವಲ್ಪ ಉಳಿಯಬಹುದು. ಏರಿನಲ್ಲಿ ಉಳಿಯುವುದಿಲ್ಲ. ಉಳಿತಾಯಕ್ಕೆಂದು ಇದನ್ನು ಕೊಳ್ಳಬೇಡಿ.

ಬೇಸಿಗೆಯಲ್ಲಿ, ಮಳೆಯಲ್ಲಿ ಬಳಸುವಾಗ ಏನು ಗಮನಿಸಬೇಕು?

ಬೇಸಿಗೆಯಲ್ಲಿ ಟೆಂಪರೇಚರ್ ಮುಳ್ಳನ್ನು. ಉದ್ದನೆಯ ಏರಿನಲ್ಲಿ ಕ್ರೂಸ್ ವೇಗ ಉಳಿಸಿಕೊಳ್ಳಲೆಂದು ಮೇಲಿನ ಗೇರಿನಲ್ಲಿಯೇ ಪೂರ್ತಿ ಡೀಸೆಲ್ ಕೊಡುತ್ತ ಹೋಗುತ್ತದೆ. ಅನುಭವಿ ಚಾಲಕರಾದರೆ ಅಷ್ಟು ಹೊತ್ತಿಗೆ ಗೇರ್ ಇಳಿಸಿರುತ್ತಾರೆ. ಏರು ಕಂಡೊಡನೆ ಆರಿಸಿ, ಕಾಲಿನಿಂದ ನಡೆಸಿ. ಮಧ್ಯಾಹ್ನ ಊಟದ ನಂತರ, ನೇರ ರಸ್ತೆಯಲ್ಲಿ, ಕಾಲಿಗೆ ಕೆಲಸವಿಲ್ಲದೆ ಕುಳಿತಾಗ ತೂಕಡಿಕೆ ಬೇಗ ಬರುತ್ತದೆ. ಆ ಹೊತ್ತಿನಲ್ಲಿ ಕ್ರೂಸ್ ಬೇಡ, ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ಮಲಗುವುದಕ್ಕೆ ಕ್ಯಾಂಪರಿಗಿಂತ ಅನುಕೂಲದ ಗಾಡಿ ಬೇರೊಂದಿಲ್ಲ.

ಮಳೆಯಲ್ಲಿ ಬಳಸಲೇಬಾರದು. ಗಾಲಿ ನೀರಿನ ಮೇಲೆ ತೇಲಿ ಜಾರಿದಾಗಲೂ ಕ್ರೂಸ್ ಡೀಸೆಲ್ ಕೊಡುತ್ತಲೇ ಇರಬಹುದು. ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಗಳು ರಸ್ತೆಗೆ ತಂದು ಹಾಕುವ ಎರೆಮಣ್ಣು ಹನಿ ಬಿದ್ದೊಡನೆ ಎಣ್ಣೆಯಷ್ಟೇ ಜಾರುತ್ತದೆ.

ಓಡುತ್ತಿರುವಾಗ ಆ್ಯಕ್ಸಿಲರೇಟರ್ ಸಿಕ್ಕಿಕೊಂಡುಬಿಟ್ಟರೆ?

ಕ್ಲಚ್ ಮತ್ತು ಬ್ರೇಕನ್ನು ಒಟ್ಟಿಗೆ, ಗಟ್ಟಿಯಾಗಿ ಒತ್ತಿ. ಎಂಜಿನ್ ಅರಚಿದರೆ ಅರಚಲಿ. ಗೇರನ್ನು ನ್ಯೂಟ್ರಲ್ ಮಾಡಿ, ಕ್ರೂಸಿನ ಮುಖ್ಯ ಸ್ವಿಚ್ ಆರಿಸಿ, ಎಡಕ್ಕೆ ತಂದು ನಿಲ್ಲಿಸಿ. ಗಾಡಿ ಪೂರ್ತಿ ನಿಂತ ಮೇಲೆಯೇ ಎಂಜಿನ್ ಆರಿಸಬೇಕು. ಓಡುವಾಗ ಕೀಲಿ ತೆಗೆದರೆ ಸ್ಟೇರಿಂಗ್ ಲಾಕ್ ಆಗಬಹುದು, ಬ್ರೇಕಿನ ವ್ಯಾಕ್ಯೂಮ್ ಕೂಡ ಮುಗಿಯುತ್ತದೆ. ಎಂಜಿನ್ ನಿಲ್ಲಿಸಲು ಕೈಯಿಂದ ಎಳೆಯುವ ಸ್ಟಾಪ್ ಕೇಬಲ್ ಇರುವ ಗಾಡಿಗಳಲ್ಲಿ ಅದು ಎಲ್ಲಿದೆ ಎಂಬುದನ್ನು ಗಾಡಿ ನಡೆಸುವ ಪ್ರತಿಯೊಬ್ಬರಿಗೂ ತೋರಿಸಿರಬೇಕು. ಮುಖ್ಯ ಸ್ವಿಚ್ಚನ್ನು ನೋಡದೆ ಕೈಗೆ ಸಿಗುವ ಜಾಗದಲ್ಲಿ ಕೂಡಿಸಬೇಕು ಎನ್ನುವುದೂ ಇದಕ್ಕಾಗಿಯೇ.

ಇಷ್ಟೆಲ್ಲ ಏಕೆ, ಟ್ರ್ಯಾಕ್ಟರಿನಂತೆ ಒಂದು ಹ್ಯಾಂಡ್ ಥ್ರಾಟಲ್ ಹಾಕಿಸಿದರೆ ಸಾಲದೇ?

ಹೊಲದಲ್ಲಿ ನಿಧಾನವಾಗಿ ಸಾಗುವ ಟ್ರ್ಯಾಕ್ಟರಿಗೆ ಅದು ಸರಿ. ಹೆದ್ದಾರಿಯಲ್ಲಿ ಅದು ಬ್ರೇಕ್ ಒತ್ತಿದರೂ ಬಿಡುವುದಿಲ್ಲ, ಕ್ಲಚ್ ಒತ್ತಿದರೂ ಬಿಡುವುದಿಲ್ಲ. ಪೆಡಲಿಗೆ ಕಟ್ಟಿಗೆ ಸಿಕ್ಕಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಬೇಡ.

ಯಾರ ಕೈಯಲ್ಲಿ ಮಾಡಿಸಬೇಕು?

ಒಬ್ಬರಿಂದ ಆಗುವ ಕೆಲಸವಲ್ಲ. ಕೇಬಲ್ ಮತ್ತು ಲಿವರಿನ ಕೆಲಸಕ್ಕೆ ಡೀಸೆಲ್ ಪಂಪು ಬಲ್ಲ ಮೆಕ್ಯಾನಿಕ್ ಬೇಕು, ವೈರಿಂಗಿಗೆ ಮೀಟರ್ ಹಿಡಿದು ಕೆಲಸ ಮಾಡುವ ಆಟೊ ಎಲೆಕ್ಟ್ರಿಷಿಯನ್ ಬೇಕು. ವೈರಿನ ಮೇಲಿನ ರಬ್ಬರನ್ನು ಸುಲಿದು ಬರೀ ಟೇಪ್ ಸುತ್ತುವವರಿಗೆ ಈ ಕೆಲಸ ಕೊಡಬೇಡಿ. ಬ್ರೇಕ್ ಸ್ವಿಚ್ಚಿನ ಜೋಡಣೆಗಳನ್ನು ಬೆಸುಗೆ ಹಾಕಿಸಿ ಅಥವಾ ಸರಿಯಾದ ಟರ್ಮಿನಲ್ ಒತ್ತಿಸಿ. ಕೆಲಸ ಮುಗಿದ ಮೇಲೆ ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಎಂಬ ನಕ್ಷೆಯನ್ನು ಅವರಿಂದಲೇ ಬರೆಸಿಕೊಂಡು ಗಾಡಿಯಲ್ಲಿ ಇಡಿ. ಮುಂದೆ ಯಾವುದೋ ಊರಿನಲ್ಲಿ ಬ್ರೇಕ್ ಲೈಟ್ ರಿಪೇರಿ ಮಾಡುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ತಿಳಿಯದೆ ಕ್ರೂಸಿನ ವೈರ್ ಕತ್ತರಿಸದಿರಲು ಅದೊಂದೇ ದಾರಿ.

ಆಮೇಲಿನ ನಿರ್ವಹಣೆ?

ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಕೇಬಲ್ಲಿನ ತುದಿ, ಮಣಿಸರ, ಮ್ಯಾಗ್ನೆಟ್ಟಿನ ಪಟ್ಟಿ, ಬ್ರಾಕೆಟ್ಟಿನ ನಟ್ಟುಗಳನ್ನು ನೋಡಿ, ಧೂಳನ್ನು ಒಣ ಗಾಳಿಯಿಂದ ಊದಿಸಿ. ಕೇಬಲ್ಲಿಗೆ ದಪ್ಪ ಗ್ರೀಸ್ ಹಚ್ಚಬೇಡಿ, ಧೂಳು ಅದಕ್ಕೇ ಅಂಟುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಇಲಿ ಅಥವಾ ಅಳಿಲು ವೈರ್ ಕಡಿದಿರಬಹುದು, ಹಾಗಾಗಿ ಹೊರಡುವ ಮುನ್ನ ನಿಂತಲ್ಲಿಯೇ ಮಾಡುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಟೈರಿನ ಅಳತೆ ಬದಲಿಸಿದರೆ ವೇಗದ ಲೆಕ್ಕವನ್ನು ಹೊಸದಾಗಿ ಹಾಕಿ, ಸ್ವಿಚ್‌ಗಳನ್ನು ಅದರಂತೆ ಹೊಂದಿಸಬೇಕು.